ಸಮುದ್ರದ ಕಡೆಯ ಕಿಟಕಿ

ಹಳೆಯ ಮನೆಯೊಳಗೆ ಮೊದಲು ಕಾಲಿಡುವುದು ಒಬ್ಬರೇ. ಉಳಿದವರು ಹೊರಗೆ ಮೆಟ್ಟಿಲ ಮೇಲೆ ಕಾಯಬೇಕು. ಎವಾರಿಸ್ತೊ ಮೇಸ್ತ್ರಿಯ ತಂಡದಲ್ಲಿ ಇದೊಂದು ಕಟ್ಟಳೆ. ಒಳಗೆ ಹೋದವರು ಗೋಡೆ, ಬಾಗಿಲು, ಕಿಟಕಿಗಳ ಬಣ್ಣವನ್ನು ಚೂರಿಯ ತುದಿಯಿಂದ ಪದರ ಪದರವಾಗಿ ಕೆತ್ತಿ ನೋಡುತ್ತಾರೆ. ಎಲ್ಲಿ ಬಣ್ಣದಲ್ಲಿ ವಿಷದ ಸೀಸವಿದೆ, ಎಲ್ಲಿ ನೀರು ಚಿಮುಕಿಸಿ ಹೆರೆಯಬೇಕು, ಎಲ್ಲಿ ಕೈಯನ್ನೇ ಹಚ್ಚಬಾರದು ಎಂದು ಹೊರಗೆ ಬಂದು ಹೇಳುತ್ತಾರೆ. ಅವರು ಹೇಳುವ ತನಕ ಒಂದು ಬಕೆಟ್ಟೂ ಹೊಸ್ತಿಲು ದಾಟುವಂತಿಲ್ಲ.

ಏಳು ವರ್ಷ ಹಾಗೆ ಒಳಗೆ ಹೋಗುತ್ತಿದ್ದವಳು ಓಟಿಲಿಯಾ. ಇವತ್ತು ಅವಳ ಕೈಯಲ್ಲಿ ಬಕೆಟ್ಟಿತ್ತು.

“ಹುಷಾರು ಮಗಳೇ, ನೆಲ ಕೊಳೆತಿರಬಹುದು,” ಎಂದು ಮೇಸ್ತ್ರಿ ಕೂಗಿದ.

ಓಟಿಲಿಯಾ ಅಭ್ಯಾಸಬಲದಿಂದ ತಲೆ ಎತ್ತಿದಳು. ಆ ಮಾತು ಅವಳಿಗಲ್ಲ, ಹೊಸ್ತಿಲು ದಾಟುತ್ತಿದ್ದ ಯಾಸ್ನಾಳಿಗೆ. ‘ಮಗಳೇ’ ಎಂಬ ಪದ ಏಳು ವರ್ಷ ತನ್ನದಾಗಿತ್ತು. ಹನ್ನೆರಡು ದಿನದಲ್ಲಿ ಅದು ಮನೆ ಬದಲಾಯಿಸಿತ್ತು.

ಯಾಸ್ನಾ ಒಳನಾಡಿನ ರಂಕಾಗುವಾದವಳು. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿ ಬೆಳೆದ ಊರು ಅದು. ಅಪಾಯದ ವಸ್ತುಗಳ ಬಗ್ಗೆ ಆರು ತಿಂಗಳು ಕಲಿತು, ಮೊಹರು ಹಾಕಿದ ಕಾಗದ ಹಿಡಿದು ಈ ಬಂದರು ಊರು ವಾಲ್ಪರೈಸೊಗೆ ಬಂದಿದ್ದಳು. ಅವಳ ಹತ್ತಿರ ಒಂದು ಡಬ್ಬಿ ಇತ್ತು. ಅದರ ತುಂಬ ಹತ್ತಿ ಸುತ್ತಿದ ಕಡ್ಡಿಗಳು. ಹತ್ತಿಗೆ ಒಂದು ಹನಿ ಔಷಧಿ ಬಿಟ್ಟು ಬಣ್ಣಕ್ಕೆ ಉಜ್ಜಿದರೆ, ಸೀಸವಿದ್ದಲ್ಲಿ ಹತ್ತಿ ಕಪ್ಪಾಗುತ್ತಿತ್ತು. ಮೊದಲ ದಿನ ಹತ್ತಿ ಕಪ್ಪಾದಾಗ ಮೇಸ್ತ್ರಿ ಎರಡೂ ಕೈ ತಟ್ಟಿ ನಕ್ಕಿದ್ದ. ಮೂರನೆಯ ದಿನ ತನ್ನ ಮೂಳೆಹಿಡಿಯ ಚೂರಿಯನ್ನು ಅವಳ ಕೈಗೆ ಕೊಟ್ಟಿದ್ದ. “ಓಟಿಲಿಯಾಗೆ ಕಣ್ಣಿದೆ, ಅವಳಿಗ್ಯಾಕೆ ಚೂರಿ?” ಎಂದು ತಮಾಷೆ ಮಾಡಿದ್ದ. ಆ ತಮಾಷೆ ಮೀನಿನ ಮುಳ್ಳಿನ ಹಾಗೆ ಓಟಿಲಿಯಾಳ ಗಂಟಲಲ್ಲಿ ಉಳಿದಿತ್ತು. ನುಂಗಿದರೂ ಹೋಗದು, ಉಗುಳಿದರೂ ಬಾರದು.

ಗುಡ್ಡದ ನೆತ್ತಿಗಿದ್ದ ಈ ತಗಡು ಹೊದಿಸಿದ ಮನೆಯನ್ನು ಮರಿಸೆಲ್ ಎಂಬಾಕೆ ಹೊಸದಾಗಿ ಕೊಂಡಿದ್ದಳು. ಬೇಕರಿಯಲ್ಲಿ ಕೆಲಸ. ಗಂಡ ದಕ್ಷಿಣದ ಮೀನಿನ ಕಾರ್ಖಾನೆಯಲ್ಲಿ. ಹತ್ತು ತಿಂಗಳ ಮಗಳು ಅಂಪಾರೊ ಅಂಬೆಗಾಲಿಡಲು ಶುರುಮಾಡಿದ್ದಳು. ಅದಕ್ಕೇ ತಾಯಿಗೆ ಅವಸರ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವಳೂ ಮೆಟ್ಟಿಲ ಮೇಲೆ ಕಾಯುತ್ತಿದ್ದಳು.

“ಮೇಸ್ತ್ರೀ, ಒಲೆ ಹಿಂದೆ ಒಂದು ಹಲಗೆ ಇದೆ,” ಯಾಸ್ನಾ ಒಳಗಿನಿಂದ ಕೂಗಿದಳು. “ಯಾರೂ ಮುಟ್ಬೇಡಿ. ಆಸ್ಬೆಸ್ಟಾಸ್ ಇರಬಹುದು.”

“ಬರೀ ಸಿಮೆಂಟು ಹಲಗೆ ಅದು,” ಎಂದಳು ಓಟಿಲಿಯಾ. “ಈ ಗುಡ್ಡದಲ್ಲಿ ಎಲ್ಲಾರ ಮನೇಲೂ ಇದೆ.”

ಯಾಸ್ನಾ ಬಾಗಿಲಿಗೆ ಬಂದಳು. ಮುಖಕ್ಕೆ ಕಟ್ಟಿದ್ದ ಮಾಸ್ಕನ್ನು ಕೆಳಗಿಳಿಸಿದಳು. “ಹಾಗಾದ್ರೆ ಎಲ್ಲಾರ ಮನೇಲೂ ಆಸ್ಬೆಸ್ಟಾಸ್ ಇರಬಹುದು. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ ಕಣೇ. ಒಂದು ಚೂರು ಲ್ಯಾಬಿಗೆ ಕಳಿಸ್ಬೇಕು. ಉತ್ತರ ಬರೋ ತನಕ ಇದೆ ಅಂತಲೇ ತಿಳ್ಕೊಂಡು ನಡೀಬೇಕು. ತೂತು ಕೊರೀಬಾರ್ದು, ಮುರೀಬಾರ್ದು, ಗುಡಿಸ್ಬಾರ್ದು. ಅದರ ಧೂಳು ಶ್ವಾಸಕೋಶ ತಿಂದುಬಿಡುತ್ತೆ.”

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಓಟಿಲಿಯಾಳಿಗೆ. ಕಳೆದ ಒಂದೇ ವರ್ಷದಲ್ಲಿ ಅಂಥ ಮೂರು ಹಲಗೆಗಳಿಗೆ ತೂತು ಕೊರೆದು, ಪುಡಿಯನ್ನು ಬಾಯಿಂದ ಊದಿ ಹಾರಿಸಿದ್ದು ನೆನಪಾಯಿತು. ನೆನಪಾದಷ್ಟೂ ಸಿಟ್ಟು ಬಂದದ್ದು ಹಲಗೆಯ ಮೇಲಲ್ಲ, ಯಾಸ್ನಾಳ ಮೇಲೆ.

ಹಲಗೆಗೆ ನೀರು ಚಿಮುಕಿಸಿ ದಪ್ಪ ಪ್ಲಾಸ್ಟಿಕ್ ಅಂಟಿಸಿದ ಮೇಲೆ, ಉಳಿದ ಒಂದು ಕೋಣೆಯನ್ನು ಒಟ್ಟಿಗೇ ನೋಡೋಣವೆಂದು ಮೇಸ್ತ್ರಿ ಎಲ್ಲರನ್ನೂ ಒಳಗೆ ಕರೆದ. ನಡುಮನೆಯ ಬಾಗಿಲುವಾಡದಲ್ಲಿ ಮೂರನೆಯ ಪದರದಲ್ಲಿ ಸೀಸ ಸಿಕ್ಕಿತ್ತು, ಮಲಗುವ ಕೋಣೆಯಲ್ಲಿ ಇರಲಿಲ್ಲ. ಕೊನೆಗೆ ಉಳಿದದ್ದು ಸಮುದ್ರಕ್ಕೆ ಮುಖ ಮಾಡಿದ ಕೋಣೆ. ಮಗುವಿಗೆಂದು ಮರಿಸೆಲ್ ಇಟ್ಟುಕೊಂಡ ಕೋಣೆ ಅದು.

ಆ ಕೋಣೆಯಲ್ಲಿ ಏನಿದೆಯೆಂದು ಒಳಗೆ ಹೋಗುವ ಮೊದಲೇ ಓಟಿಲಿಯಾಳಿಗೆ ಗೊತ್ತಿತ್ತು.

ಮೇಸ್ತ್ರಿ ಹೊಗಳುತ್ತಿದ್ದ ‘ಕಣ್ಣು’ ನಿಜಕ್ಕೂ ಕಣ್ಣಾಗಿರಲಿಲ್ಲ. ಅವಳ ಅಜ್ಜ ಹಡಗು ರಿಪೇರಿಯ ಕಟ್ಟೆಯಲ್ಲಿ ಕೂಲಿಯವನು. ಹಡಗಿನ ತಳಕ್ಕೆ ಬಳಿಯುವ ಸೀಸದ ಕೆಂಪು ಬಣ್ಣವನ್ನು ಊಟದ ಡಬ್ಬಿಯಲ್ಲಿ ದಿನಕ್ಕಿಷ್ಟು ಕದ್ದು ತರುತ್ತಿದ್ದ. ಅವನೊಬ್ಬನೇ ಅಲ್ಲ, ಗುಡ್ಡದ ಬಂದರು ಕೂಲಿಗಳೆಲ್ಲ ಹಾಗೆಯೇ. ಡಬ್ಬಿಯಲ್ಲಿ ತಂದದ್ದು ಇಡೀ ಮನೆಗೆ ಸಾಲುವುದುಂಟೇ? ಉಪ್ಪುಗಾಳಿ ತಿನ್ನುವ ಕಡೆಗೆ ಮಾತ್ರ, ಸಮುದ್ರದ ಕಡೆಯ ಗೋಡೆಗೆ, ಕಿಟಕಿಗೆ ಬಳಿಯುತ್ತಿದ್ದರು. ಬಂದರಿನ ಕಾವಲುಗಾರರ ಕಣ್ಣಿಗೆ ಬೀಳದಿರಲೆಂದು ಅದೇ ವಾರ ಮೇಲೊಂದು ಬೇರೆ ಬಣ್ಣ. ಕಳವಿನ ಮಾತಾದ್ದರಿಂದ ಯಾರೂ ಬಾಯಿ ಬಿಡುತ್ತಿರಲಿಲ್ಲ. ತಾತಂದಿರು ಸತ್ತರೂ ಮೊಮ್ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ದಕ್ಷಿಣದಿಂದ ಬಂದ ಎವಾರಿಸ್ತೊ ಮೇಸ್ತ್ರಿಗೆ ಇದು ತಿಳಿಯುವ ಬಗೆಯೇ ಇರಲಿಲ್ಲ. ಓಟಿಲಿಯಾ ಹೇಳಿರಲಿಲ್ಲ. ಬೇಕೆಂದೇ ಮೊದಲು ಬೇರೆ ಗೋಡೆಗಳನ್ನು ಕೆತ್ತಿ, ಹುಬ್ಬು ಗಂಟಿಕ್ಕಿ, ಕಡೆಯಲ್ಲಿ ಸಮುದ್ರದ ಕಡೆಗೆ ಬರುತ್ತಿದ್ದಳು. ಯಾರೂ ನೋಡದಿದ್ದಾಗ ಪುಡಿಯನ್ನು ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದಳು. ಸಿಹಿಯಾದರೆ ಸೀಸ.

ಕೋಣೆಯೊಳಗೆ ಯಾಸ್ನಾ ಗೋಡೆಯ ಹಲಗೆಯನ್ನು ಕೆತ್ತಿದಳು. ಹೊಸ ಮರ. ಕಿಟಕಿಯ ಕೆಳಕಟ್ಟೆಯನ್ನು ಕೆತ್ತಿದಳು. ಅದೂ ಹೊಸದು. ಊರಿಗೆ ಬಡಿದ ಭೂಕಂಪದ ನಂತರ ಹಿಂದಿನ ಮಾಲೀಕ ಬದಲಾಯಿಸಿದ್ದ. ಮೇಲಕ್ಕೆತ್ತಿ ತೆರೆಯುವ ಕಿಟಕಿ ಅದು. ಯಾಸ್ನಾ ಎರಡು ಸಲ ಎತ್ತಿ ಇಳಿಸಿ ನೋಡಿದಳು. ಕಿರ್ ಎಂದಿತು. ಗಾಜಿನ ಚೌಕಟ್ಟಿಗೆ ಹತ್ತಿ ಉಜ್ಜಿದಳು. ಬೆಳ್ಳಗೇ ಉಳಿಯಿತು.

ಕಿಟಕಿ ಜಾರಲೆಂದು ಪಕ್ಕದ ಮರದಲ್ಲಿ ತೋಡಿನಂತೆ ಕೊರೆದ ಗಾಡಿ ಮಾತ್ರ ಹಳೆಯದು. ಎರಡನೆಯ ಸಲ ಕಿಟಕಿ ಇಳಿದಾಗ ಆ ಗಾಡಿಯಿಂದ ಕೆಂಪು ಪುಡಿ ಒಂದು ನೂಲಿನಂತೆ ನೆಲಕ್ಕೆ ಸುರಿಯಿತು. ಯಾಸ್ನಾ ಆಗ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಮೇಸ್ತ್ರಿ ಕನ್ನಡಕ ಒರೆಸುತ್ತಿದ್ದ. ಕಂಡದ್ದು ಓಟಿಲಿಯಾಳೊಬ್ಬಳಿಗೆ.

“ಓಟಿಲಿಯಾ, ನೀನೊಂದ್ಸಲ ನೋಡ್ತೀಯಾ?” ಯಾಸ್ನಾ ಕೇಳಿದಳು. “ಈ ಊರಿನ ಮನೆಗಳು ನಿನಗೆ ಗೊತ್ತು.”

“ಓದಿದೋರು ನೋಡಿದ ಮೇಲೆ ಆರನೇ ಕ್ಲಾಸಿಗೇ ಬಿಟ್ಟೋಳು ಏನು ನೋಡೋದು?”

ಯಾಸ್ನಾಳ ಕಿವಿ ಕೆಂಪಾಯಿತು. ಮೇಸ್ತ್ರಿ ಓಟಿಲಿಯಾಳತ್ತ ಒಮ್ಮೆ ನೋಡಿದ. “ಏನಿದು, ಬೆಳಗ್ಗೆ ಬೆಳಗ್ಗೆ ನಿಂಬೆಹಣ್ಣು ತಿಂದ್ಯಾ?” ಎಂದ. ಯಾಸ್ನಾ ಬರೆದಳು: ಈ ಕೋಣೆಯಲ್ಲಿ ತೊಂದರೆಯಿಲ್ಲ.

“ದೇವರು ದೊಡ್ಡೋನು,” ಎಂದಳು ಮರಿಸೆಲ್. “ಹಾಗಾದ್ರೆ ನಮ್ಮಣ್ಣ ಮೂರು ಗಂಟೆಗೆ ಉಜ್ಜೋ ಮೆಷಿನ್ ತರ್ತಾನೆ, ಇಲ್ಲಿಂದಲೇ ಶುರುಮಾಡ್ತೀವಿ. ಅಲ್ಲೀತನಕ ಮಗೂನ ಇಲ್ಲೇ ಬಿಡ್ಲಾ? ಬೇರೆ ಕಡೆಯೆಲ್ಲಾ ನಿಮ್ಮ ಕೆಲಸ.”

“ಬಿಡಿ,” ಎಂದಳು ಯಾಸ್ನಾ.

ಚಾಪೆಯೊಂದು ಮೂಲೆಯಲ್ಲಿ ಸುರುಳಿ ಸುತ್ತಿಕೊಂಡಿತ್ತು. ಮರಿಸೆಲ್‌ಳ ಕೈಯಲ್ಲಿ ಮಗು. ಚಾಪೆ ಬಿಡಿಸಿ ಹಾಸಿದವಳು ಓಟಿಲಿಯಾಳೇ. ಕಿಟಕಿಯಿಂದ ಆದಷ್ಟು ದೂರಕ್ಕೆ ಎಳೆದಳು, ಅಷ್ಟು ಮಾಡಿದಳು. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆಯಾಗಿತ್ತು. ಮೂರು ಗಂಟೆಗೆ ಮೆಷಿನ್ ಬರುತ್ತದೆ, ಗಾಡಿಗೆ ತಗುಲುತ್ತದೆ, ಕೋಣೆಯೆಲ್ಲ ಕೆಂಪಾಗುತ್ತದೆ. ಆಗ ತಾನು ಮುಂದೆ ಬಂದು ನಿಲ್ಲಿಸಿದರಾಯಿತು. ಆಗ ಎಲ್ಲರೂ ನೋಡಲಿ, ಮೊಹರಿನ ಕಾಗದ ಎಷ್ಟು ಕೆಲಸಕ್ಕೆ ಬರುತ್ತದೆಂದು. ಮಗುವನ್ನು ಅಷ್ಟರಲ್ಲಿ ಎತ್ತಿಕೊಂಡಿರುತ್ತಾರೆ. ಹೀಗೆ ಲೆಕ್ಕ ಹಾಕಿಕೊಂಡು ಅವಳು ನಡುಮನೆಗೆ ಹೋಗಿ ಬಾಗಿಲುವಾಡ ಹೆರೆಯತೊಡಗಿದಳು. ನೀರು ಚಿಮುಕಿಸುವುದು, ಹೆರೆಯುವುದು, ಕೆಸರಾಗಿ ಬಿದ್ದದ್ದನ್ನು ಬಟ್ಟೆಯಲ್ಲಿ ಬಾಚುವುದು. ಕೋಣೆಯಿಂದ ಮಗು ಒಬ್ಬಳೇ ಕೇಕೆ ಹಾಕುತ್ತಿದ್ದುದು ಕೇಳುತ್ತಿತ್ತು. ಪ್ರತಿ ಕೇಕೆಗೂ ಓಟಿಲಿಯಾಳ ಕೈ ಒಂದು ಕ್ಷಣ ನಿಂತು ಮತ್ತೆ ಓಡುತ್ತಿತ್ತು.

ಒಂದು ಗಂಟೆಗೆ ಕೈ, ಮುಖ ತೊಳೆದು ಹೊರಗೆ ಮೆಟ್ಟಿಲ ಮೇಲೆ ಊಟಕ್ಕೆ ಕುಳಿತರು. ಮರಿಸೆಲ್ ಬೇಕರಿಯಿಂದ ತಂದಿದ್ದ ಬ್ರೆಡ್ಡನ್ನು ಮುರಿದು, ಬೆಣ್ಣೆಹಣ್ಣನ್ನು ಉಪ್ಪು ಹಾಕಿ ಕಿವುಚಿ ಸವರಿ ಕೊಟ್ಟಳು. ಮೇಸ್ತ್ರಿಯ ಕೈ ಎಂದಿನಂತೆ ನಡುಗಿ ಚಹಾ ತುಳುಕಿತು. ನಲವತ್ತು ವರ್ಷ ಮಾಸ್ಕಿಲ್ಲದೆ ಹಳೇ ಬಣ್ಣ ಹೆರೆದ ಕೈ ಅದು.

“ನೋಡ್ರಪ್ಪಾ, ಗಿಟಾರ್ ಬಾರಿಸ್ತಿದೀನಿ,” ಎಂದ ಅವನು.

“ಹಾಡು ನಾಳೆ ಹೇಳಿ ಮೇಸ್ತ್ರೀ, ಈಗ ಕುಡೀರಿ,” ಎಂದು ಯಾಸ್ನಾ ಲೋಟದ ತಳಕ್ಕೆ ತನ್ನ ಅಂಗೈ ಆನಿಸಿ ಹಿಡಿದಳು. ಅವನು ಮಗುವಿನ ಹಾಗೆ ಕುಡಿದ.

ಏಳು ವರ್ಷದಲ್ಲಿ ಆ ಲೋಟ ಹಿಡಿಯಬೇಕೆಂದು ಓಟಿಲಿಯಾಳಿಗೆ ಎಷ್ಟೋ ಸಲ ಅನ್ನಿಸಿತ್ತು. ಅವನಿಗೆ ಅವಮಾನವಾದೀತೆಂದು ಹೆದರಿ ಬೇರೆ ಕಡೆ ನೋಡುತ್ತಿದ್ದಳು. ಇವಳು ಬಂದು ಹನ್ನೆರಡು ದಿನಕ್ಕೆ ಹಿಡಿದುಬಿಟ್ಟಳು. ಹೊಟ್ಟೆಯಲ್ಲಿ ಯಾರೋ ಒದ್ದೆ ಸೌದೆಗೆ ಬೆಂಕಿ ಇಟ್ಟಂತಾಯಿತು. ಉರಿಯೂ ಇಲ್ಲ, ಬರೀ ಹೊಗೆ. ಮೂರು ಗಂಟೆಯಾಗಲಿ, ಎಂದುಕೊಂಡಳು.

“ಓಟಿಲಿಯಾ, ಇವಳನ್ನ ಒಂದ್ನಿಮಿಷ ಹಿಡ್ಕೋಮ್ಮ, ಹಾಲು ಬಿಸಿಮಾಡಿ ತರ್ತೀನಿ,” ಎಂದು ಮರಿಸೆಲ್ ಕೋಣೆಯಿಂದ ಮಗುವನ್ನು ತಂದು ಅವಳ ತೊಡೆಯ ಮೇಲೆ ಕೂರಿಸಿ ಹೋದಳು.

ಅಂಪಾರೊಗೆ ಹೊಸ ಮುಖ ಕಂಡರೆ ಪರೀಕ್ಷಿಸುವ ಚಟ. ಓಟಿಲಿಯಾಳ ಮೂಗು ಹಿಡಿದಳು, ಕಿವಿ ಎಳೆದಳು, ಆಮೇಲೆ ತನ್ನ ಬಾಯಲ್ಲಿದ್ದ ಎರಡು ಬೆರಳು ತೆಗೆದು ಅವಳ ಬಾಯಿಗೆ ತುರುಕಿದಳು.

ಸಿಹಿ.

ಹಾಲಿನ ಸಿಹಿಯಲ್ಲ, ಹಣ್ಣಿನ ಸಿಹಿಯಲ್ಲ. ಹಲ್ಲಿನ ಬುಡಕ್ಕೆ ಸಣ್ಣಗೆ ಹತ್ತಿಕೊಳ್ಳುವ, ಕಬ್ಬಿಣ ಬೆರೆತಂಥ ಸಿಹಿ. ಓಟಿಲಿಯಾ ಮಗುವಿನ ಅಂಗೈ ತಿರುಗಿಸಿ ನೋಡಿದಳು. ಗೆರೆಗಳಲ್ಲಿ ಕೆಂಪು ಕೂತಿತ್ತು. ಚಾಪೆಯಿಂದ ಕಿಟಕಿಗೆ ನಾಲ್ಕು ಅಂಬೆಗಾಲು.

ಆ ರುಚಿಯನ್ನು ಅವಳು ಕಲಿತದ್ದು ಕೆಲಸಕ್ಕೆ ಸೇರಿದ ಮೇಲಲ್ಲ. ನಾಲ್ಕು ವರ್ಷದವಳಿದ್ದಾಗ ಅಜ್ಜನ ಮನೆಯ ಸಮುದ್ರದ ಕಡೆಯ ಕಿಟಕಿಯಲ್ಲಿ ನಿಂತು ಹಡಗು ಎಣಿಸುತ್ತ ಅದರ ಕೆಳಕಟ್ಟೆಯ ಬಣ್ಣ ಕಚ್ಚಿ ಚೀಪುತ್ತಿದ್ದಳು. ಸಿಹಿಯೆಂದೇ ಚೀಪುತ್ತಿದ್ದಳು. ಶಾಲೆಗೆ ಹೋದಾಗ ಅಕ್ಷರಗಳು ತಲೆಯಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ಕಲಿತದ್ದು ಸಂಜೆಗೆ ಸೋರಿಹೋಗುತ್ತಿತ್ತು. “ಇದರ ತಲೆ ತೂತಿನ ಬಕೆಟ್ಟು,” ಎನ್ನುತ್ತಿದ್ದಳು ಟೀಚರು. ಹುಟ್ಟಿನಿಂದಲೇ ಹಾಗೆಂದು ಅವಳೂ ನಂಬಿದ್ದಳು. ಸೀಸ ಮಕ್ಕಳ ತಲೆಗೆ ಏನು ಮಾಡುತ್ತದೆಂದು ಮೇಸ್ತ್ರಿ ಮೊದಲ ಸಲ ಹೇಳಿದ ದಿನ ಅವಳು ಯಾರೊಡನೆಯೂ ಮಾತಾಡಿರಲಿಲ್ಲ.

ಅವಳು ಮಗುವನ್ನು ಎತ್ತಿಕೊಂಡು ಎದ್ದು ನಿಂತಳು. ಕೈಯಲ್ಲಿದ್ದ ಬ್ರೆಡ್ಡು ಮೆಟ್ಟಿಲುರುಳಿತು, ಯಾರದೋ ನಾಯಿ ಕಚ್ಚಿಕೊಂಡು ಓಡಿತು.

“ಯಾಸ್ನಾ! ನಿನ್ನ ಡಬ್ಬಿ ತಗೊಂಬಾ.”

ಕೋಣೆಗೆ ಹೋಗಿ ಓಟಿಲಿಯಾ ಕಿಟಕಿಯ ಪಕ್ಕದ ಗಾಡಿ ತೋರಿಸಿದಳು. ಯಾಸ್ನಾ ಹತ್ತಿ ಉಜ್ಜಿದಳು. ಹತ್ತಿ ಮೊದಲು ಕೆಂಪಾಯಿತು, ನೋಡುನೋಡುತ್ತ ಇದ್ದಿಲಿನಂತೆ ಕಪ್ಪಾಯಿತು. ಅವಳ ಮುಖ ಬೆಳ್ಳಗಾಯಿತು. “ನಾನು ಇಡೀ ಕಿಟಕೀನೇ ಹೊಸದು ಅಂದ್ಕೊಂಡೆ,” ಎಂದಳು. “ಅಯ್ಯೋ, ಮಗೂನ ಇಲ್ಲೇ ಬಿಡಿ ಅಂದೆನಲ್ಲ.”

ಏದುಸಿರು ಬಿಡುತ್ತ ಬಂದ ಮೇಸ್ತ್ರಿಗೆ ಮಾತ್ರ ಸಂತೋಷ ತಡೆಯಲಾಗಲಿಲ್ಲ. “ನೋಡಿದ್ಯಾ! ನಮ್ಮುಡುಗಿ ಕಣ್ಣು ಅಂದ್ರೆ ಇದು! ಯಾವ ಡಬ್ಬಿ, ಯಾವ ಕಡ್ಡಿ!” ಯಾಸ್ನಾಳ ಸೊಂಟದಿಂದ ಚೂರಿಯನ್ನು ತಾನೇ ತೆಗೆದು ಓಟಿಲಿಯಾಳ ಕೈಗಿಟ್ಟ. “ಇದು ನಿಂದೇ ಮಗಳೇ. ಮುದುಕನ ಬುದ್ಧಿ, ತಪ್ಪಾಯ್ತು. ನಾಳೆಯಿಂದ ನೀನೇ ಮೊದಲು.”

ಮೂಳೆಹಿಡಿ ಬೆಚ್ಚಗಿತ್ತು. ಏಳು ವರ್ಷ ಬಯಸಿದ್ದು ಅಂಗೈಯಲ್ಲಿತ್ತು. ಯಾಸ್ನಾ ತಲೆ ತಗ್ಗಿಸಿ ನಿಂತಿದ್ದಳು. ಅಂದುಕೊಂಡದ್ದೆಲ್ಲ ಮೂರು ಗಂಟೆಗೆ ಮೊದಲೇ ಕೈಗೂಡಿತ್ತು.

ಹಾಲಿನ ಬಾಟಲಿ ಹಿಡಿದು ಬಂದ ಮರಿಸೆಲ್ ಮಗುವಿನ ಅಂಗೈ ನೋಡಿದಳು, ನೆಲ ನೋಡಿದಳು. ಬಾಟಲಿ ಪಕ್ಕಕ್ಕಿಟ್ಟು ಮಗುವಿನ ಬಾಯೊಳಗೆ ಬೆರಳು ಹಾಕಿ ಒರೆಸತೊಡಗಿದಳು. “ಎಷ್ಟು ಹೊತ್ತಿಂದ ಇದೆ ಈ ಪುಡಿ? ಈಗ ಬಿದ್ದಿದ್ದಾ, ಮುಂಚೆನೇ ಇತ್ತಾ? ಡಾಕ್ಟ್ರು ಕೇಳಿದ್ರೆ ನಾನೇನು ಹೇಳ್ಲಿ? ಯಾರಾದ್ರೂ ಹೇಳ್ರಪ್ಪಾ!”

‘ಈಗ ತಾನೇ ಕಂಡೆ’ ಎಂದರೆ ಸಾಕಿತ್ತು. ಮರುಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ಓಟಿಲಿಯಾಳ ನಾಲಿಗೆಯ ಮೇಲೆ ಆ ಸಿಹಿ ಇನ್ನೂ ಇತ್ತು.

“ಹತ್ತು ಗಂಟೆಯಿಂದ,” ಎಂದಳು. “ಕಿಟಕಿ ಇಳಿಸಿದಾಗ ಬಿತ್ತು. ನಾನು ನೋಡಿದೆ.”

“ಹತ್ತು ಗಂಟೆಗೆ ನೋಡಿದ್ಯಾ?” ಮರಿಸೆಲ್‌ಳ ದನಿ ಏರಲಿಲ್ಲ. “ಚಾಪೆ ಹಾಸಿದ್ದು ನೀನೇ ಅಲ್ವೇನೇ?”

ಮರಿಸೆಲ್ ಮಗುವನ್ನು ಎದೆಗವಚಿಕೊಂಡು ನಲ್ಲಿಯ ಕಡೆ ಓಡಿದಳು.

ಮೇಸ್ತ್ರಿ ಅಂಗೈ ಚಾಚಿದ. ಓಟಿಲಿಯಾ ಚೂರಿಯನ್ನು ಹಿಡಿ ಅವನ ಕಡೆ ಮಾಡಿ ಅದರ ಮೇಲಿಟ್ಟಳು.

“ಯಾಸ್ನಾಗೆ ಕಾಣಲಿಲ್ಲ, ಕಲಿಸಬಹುದು,” ಎಂದ ಅವನು. “ನಿಂಗೆ ಕಾಣಿಸ್ತು. ನಿನ್ನ ನಾನು ಹೆಂಗೆ ಮೊದ್ಲು ಒಳಗೆ ಕಳಿಸ್ಲಿ, ಹೇಳು.” ಮಗಳೇ ಎನ್ನಲಿಲ್ಲ.

ಮೂರು ಗಂಟೆಗೆ ಬಂದ ಅಣ್ಣನ ಮೆಷಿನ್ನು ಮೆಟ್ಟಿಲ ಮೇಲೇ ಉಳಿಯಿತು. ಓಟಿಲಿಯಾ ಮಂಡಿಯೂರಿ ನೆಲವನ್ನು ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದಳು. ಪ್ರತಿ ಸಲ ಹೊಸ ನೀರು, ಹೊಸ ಬಟ್ಟೆ. ಚಾಪೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿದಳು. ಯಾಸ್ನಾ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ಕಿಟಕಿಯ ಗಾಡಿಗೆ ನೀರು ಹೊಡೆಯುತ್ತಿದ್ದಳು.

“ಒಂದು ಮಾತು ಕೇಳ್ಲಾ?” ಎಂದಳು ಕೊನೆಗೆ. “ಕೆಂಪೆಲ್ಲಾ ಸೀಸ ಅಲ್ಲ. ಇದು ಸೀಸಾನೇ ಅಂತ ಹೆಂಗೆ ಗೊತ್ತಾಯ್ತು?”

ಓಟಿಲಿಯಾ ಅಜ್ಜನ ಡಬ್ಬಿಯ ಕಥೆ ಹೇಳಿದಳು. ಆಮೇಲೆ ನಾಲಿಗೆಯ ಕಥೆಯನ್ನೂ ಹೇಳಿದಳು.

“ಏಳು ವರ್ಷ? ಪ್ರತಿ ಮನೇಲೂ?” ಯಾಸ್ನಾಳ ಕೈ ನಿಂತುಹೋಯಿತು. “ಎಂಥ ಮಾರಾಯ್ತಿ ನೀನು!” ಅವಳು ರಕ್ತಪರೀಕ್ಷೆಗೆಂದು ಆಸ್ಪತ್ರೆಗೆ ಬರೆದಿಟ್ಟಿದ್ದ ಚೀಟಿಯನ್ನು ಜೇಬಿನಿಂದ ತೆಗೆದು, ಅಂಪಾರೊ ಎಂಬ ಹೆಸರಿನ ಕೆಳಗೆ ಇನ್ನೊಂದು ಹೆಸರು ಬರೆದಳು.

ಮಗುವಿನ ರಕ್ತದಲ್ಲಿ ಸೀಸ ಸ್ವಲ್ಪ ಹೆಚ್ಚಿತ್ತು, ತಿಂಗಳ ನಂತರ ಮತ್ತೆ ನೋಡಬೇಕೆಂದರು. ಓಟಿಲಿಯಾಳದು ಅದಕ್ಕಿಂತ ಬಹಳ ಹೆಚ್ಚಿತ್ತು. ಮರಿಸೆಲ್ ದಾರಿಯಲ್ಲಿ ಸಿಕ್ಕರೆ ಈಗಲೂ ಮಾತಾಡಿಸುವುದಿಲ್ಲ.

ಮುಂದಿನ ಮನೆ ಪಕ್ಕದ ಗುಡ್ಡದ್ದು. ಬೆಳಿಗ್ಗೆ ಮಂಜು ಕವಿದು ಬಂದರು ಕಾಣುತ್ತಿರಲಿಲ್ಲ, ಹಡಗಿನ ಸೀಟಿ ಮಾತ್ರ ಕೇಳುತ್ತಿತ್ತು. ಯಾಸ್ನಾ ಸೊಂಟಕ್ಕೆ ಚೂರಿ ಸಿಕ್ಕಿಸಿಕೊಂಡು ಒಳಗೆ ಹೋದಳು. “ಹುಷಾರು ಮಗಳೇ,” ಎಂದ ಮೇಸ್ತ್ರಿ. ಓಟಿಲಿಯಾ ಬಕೆಟ್ಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಆ ಮಾತು ಕೇಳಿದಾಗ ಹೊಟ್ಟೆಯಲ್ಲಿ ಅದೇ ಹಳೆಯ ಹೊಗೆ ಎದ್ದಿತು. ಕಡಿಮೆಯೇನೂ ಆಗಿರಲಿಲ್ಲ.

“ಓಟಿಲಿಯಾ,” ಯಾಸ್ನಾ ಒಳಗಿನಿಂದ ಕೂಗಿದಳು. “ಮಂಜಲ್ಲಿ ಏನೂ ಕಾಣ್ತಿಲ್ಲ ಕಣೇ. ಇಲ್ಲಿಂದ ಸಮುದ್ರ ಯಾವ ಕಡೆ?”

ಓಟಿಲಿಯಾ ಬಕೆಟ್ಟು ಕೆಳಗಿಟ್ಟಳು.

“ಎಡಗಡೆ,” ಎಂದಳು. “ಕಿಟಕಿ ಮೇಲೆತ್ತೋಕೆ ಮುಂಚೆ ಗಾಡಿಗೆ ನೀರು ಹೊಡಿ.”